ಚೆಕ್ಕುಬಂದಿಯಲ್ಲಿ ಇಲ್ಲದ ಬಾಗಿಲು

ನಮ್ಮ ಮಾಮಾನ ಮನೆಯಲ್ಲಿ ಒಂದು ಕಪ್ ಚಹಾ ಕುಡಿಯಬೇಕಾದರೂ ಇಬ್ಬರು ಸಾಕ್ಷಿ ಬೇಕು ಎಂದು ನಮ್ಮ ಬಳಗದವರು ಆಡಿಕೊಳ್ಳುತ್ತಾರೆ. ಇದು ಶುದ್ಧ ಸುಳ್ಳು. ಚಹಾಕ್ಕೆ ಒಬ್ಬರೇ ಸಾಕು. ಇಬ್ಬರು ಬೇಕಾಗುವುದು ಊಟಕ್ಕೆ ಮಾತ್ರ!

ಮಾಮಾ ಎಂದರೆ ನನ್ನ ತಾಯಿಯ ಖಾಸಾ ಅಣ್ಣ. ಶಹಾಬಾದಿನ ಹಳೇ ಓಣಿಯಲ್ಲಿ ಅವರ ಮನೆ. ಊರ ಹೊರಗೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಸಣ್ಣದೊಂದು ಕಾರ್ಖಾನೆ ಇದೆ. ನಾನು ಸೇಡಂನ ಹೈಸ್ಕೂಲಿನಲ್ಲಿ ಟೀಚರ್. ರಜೆ ಸಿಕ್ಕಿತೆಂದರೆ ಶಹಾಬಾದಿಗೆ ಓಡುವವಳು. ದಿನವಿಡೀ ಕಲ್ಲಿನ ಧೂಳಿನಲ್ಲಿ ಇರುವ ಈ ಮನುಷ್ಯನಿಗೆ ಕಾಗದದ ಮೇಲೆ ಇಷ್ಟೊಂದು ಪ್ರೀತಿ ಯಾಕೆ? ಯಾರೋ ಮೋಸ ಮಾಡಿರಬೇಕು, ಆಸ್ತಿ ನುಂಗಿ ನೀರು ಕುಡಿದಿರಬೇಕು ಎಂದು ನೀವು ಊಹಿಸಬಹುದು. ಎಲ್ಲರೂ ಹಾಗೇ ಊಹಿಸುತ್ತಾರೆ. ಪಾಪ, ಮಾಮಾಗೆ ಇದುವರೆಗೂ ಯಾರೂ ಮೋಸ ಮಾಡಿಲ್ಲ. ಮಾಡಲು ಇವರು ಸಂದು ಕೊಟ್ಟರೆ ತಾನೇ! ಕೆಲವರಿಗೆ ಎಲೆ-ಅಡಿಕೆ ಚಟ, ಕೆಲವರಿಗೆ ಇಸ್ಪೀಟು. ಮಾಮಾಗೆ ಷರತ್ತು. "ಕಾಗದದಾಗ ಇಲ್ಲಂದ್ರ ಅದು ಇಲ್ಲೇ ಇಲ್ಲ" ಎಂಬುದು ಅವರ ಗಾಯತ್ರಿ ಮಂತ್ರ, ಪಂಚಾಕ್ಷರಿ, ಎಲ್ಲಾ.

ನನ್ನ ಲಗ್ನ ಗೊತ್ತಾದಾಗಿನ ಮಾತು ಕೇಳಿ. ಗಂಡಿನ ಕಡೆಯವರು ಚಿಂಚೋಳಿಯಿಂದ ಸಕ್ಕರೆ ತಿನ್ನಿಸಲು ಬಂದಿದ್ದರು. ನಮ್ಮ ಕಡೆ ಬಾಯಿಗೆ ಸಕ್ಕರೆ ಬಿತ್ತೆಂದರೆ ಮಾತು ಮುಗಿಯಿತು, ಆಮೇಲೆ ಹಿಂದೆ ಸರಿಯುವಂತಿಲ್ಲ. ನನ್ನ ಮಾವನವರಾಗುವವರು ಚಮಚ ತುಂಬಿಸಿಕೊಂಡು ಅಪ್ಪನ ಬಾಯಿಯ ತನಕ ತಂದಿದ್ದಾರೆ, ಅಷ್ಟರಲ್ಲಿ ಮಾಮಾ ಕೈ ಅಡ್ಡ ಮಾಡಿದರು.

"ಒಂದು ನಿಮಿಷ ನಿಂದರ್ರಿ ಬೀಗರೆ. ಇದರ ಮ್ಯಾಲ ಜರಾ ಸೈ ಮಾಡ್ರಿ."

ಅಪ್ಪ ಬಾಯಿ ತೆರೆದುಕೊಂಡೇ ಕೂತರು. ಮಾಮಾ ಕಿಸೆಯಿಂದ ಕಾಗದ ತೆಗೆದು ಗಟ್ಟಿಯಾಗಿ ಓದಿದರು: ಹುಡುಗಿ ನೌಕರಿ ಬಿಡತಕ್ಕದ್ದಲ್ಲ. ಹುಡುಗಿಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಸದರಿ ವಿಷಯವನ್ನು ಮುಂಚಿತವಾಗಿ ತಿಳಿಸಲಾಗಿದ್ದು, ಮುಂದೆ ಯಾವ ಕಾಲಕ್ಕೂ ತಕರಾರು ನಡೆಯುವುದಿಲ್ಲ. ಒಳಗೆ ಕೂತಿದ್ದ ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು! ಮಾವನವರು ಪಾಪ, ಗಾಬರಿಯಲ್ಲಿ ಸೈ ಮಾಡಿಬಿಟ್ಟರು. ಇವತ್ತಿಗೂ ನಮ್ಮತ್ತೆಯವರು ನನ್ನ ರೊಟ್ಟಿ ನೋಡಿ "ಇದೇನು ಭಾರತದ ನಕಾಶೆ ಮಾಡೀಯೇನವಾ" ಎಂದು ಶುರು ಮಾಡಿದರೆ ಮಾವನವರು ಪೇಪರಿನ ಹಿಂದಿನಿಂದ ಹೇಳುತ್ತಾರೆ: "ಸುಮ್ನಿರು. ನಾ ಸೈ ಮಾಡೀನಿ."

ಮಾಮಾನ ಹುಚ್ಚಿಗೆ ಕಳೆ ಬಂದದ್ದು ಈಚೆಗೆ, ಮನೆ-ಜಾಗದ ಕಾಯಿದೆಗಳೆಲ್ಲ ಒಂದೊಂದಾಗಿ ಬದಲಾಗತೊಡಗಿದ ಮೇಲೆ. ಊರಿನ ಜನ ಹೊಸ ರೂಲು ಬಂತೆಂದು ತಲೆ ಮೇಲೆ ಕೈ ಹೊತ್ತು ಕೂತರೆ, ಇವರು ಹೊಸ ಅಳಿಯ ಬಂದಂತೆ ಸಂಭ್ರಮಪಡುತ್ತಿದ್ದರು. ಒಂದೇ ಒಂದು ಬೇಸರ ಇತ್ತು. ಮೊದಲಿನ ಛಾಪಾ ಕಾಗದ ಹೋಗಿ ಕಂಪ್ಯೂಟರಿನಿಂದ ಬರುವ ಈ-ಸ್ಟ್ಯಾಂಪ್ ಬಂತಲ್ಲ, ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, "ಇದೇನಲೇ, ಬಸ್ಸಿನ ಟಿಕೆಟ್ ಇದ್ದಂಗದ" ಎಂದು ಎರಡು ದಿನ ಮುಖ ಸಪ್ಪಗೆ ಮಾಡಿಕೊಂಡಿದ್ದರು.

ಆ ಟಿಕೆಟ್ಟಿನ ಮೇಲೆಯೇ ಮುಂದಿನ ಕೋಣೆಯ ಬಾಡಿಗೆ ಕರಾರು ಆಯಿತು. ಬಾಡಿಗೆಗೆ ಬಂದವನು ತಾಂಡೂರು ಕಡೆಯ ಹುಡುಗ, ಬ್ಯಾಂಕಿನಲ್ಲಿ ಕ್ಲಾರ್ಕು, ಅರ್ಧ ತೆಲುಗು ಅರ್ಧ ಕನ್ನಡ. ಎಲ್ಲರಂತೆ ಹನ್ನೊಂದು ತಿಂಗಳ ಕರಾರು ಎಂದು ತಿಳಿದು ಪೆನ್ನು ತೆಗೆದ. ಮಾಮಾ "ಓದಿ ಸೈ ಮಾಡಪಾ" ಎಂದು ಕೂರಿಸಿದರು. ಅವನು ಓದುತ್ತಾ ಓದುತ್ತಾ ಬೆವತ. ಯಾಕೆ ಬೆವರಬಾರದು? "ಮಾಲಕರು ಹೇಳುವ ಹಾಸ್ಯಕ್ಕೆ ಬಾಡಿಗೆದಾರನು ನಗಲೇಬೇಕೆಂಬ ಕಡ್ಡಾಯವಿಲ್ಲ, ಆದರೆ ಕೇಳಿದ್ದನ್ನೇ ಎರಡನೇ ಸಲ ಹೇಳಿದಾಗ 'ಇದು ಕೇಳಿದ್ದೀನಿ' ಎನ್ನತಕ್ಕದ್ದಲ್ಲ" ಎಂದು ಬರೆದಿತ್ತು. ಕೆಳಗೆ ಇನ್ನೊಂದು: "ಹಬ್ಬದ ದಿನ ಮನೆಯಿಂದ ಬಂದ ಹೋಳಿಗೆಯನ್ನು ಬಾಡಿಗೆದಾರನು ಬೇಡ ಎನ್ನತಕ್ಕದ್ದಲ್ಲ. ಎಂದರೆ ಕೋಣೆ ಖಾಲಿ ಮಾಡತಕ್ಕದ್ದು."

"ಸರ್, ನನಗ ಶುಗರ್ ಅದ" ಎಂದ ಹುಡುಗ, ಮೆಲ್ಲಗೆ.

ಮಾಮಾ ಕನ್ನಡಕ ಏರಿಸಿ ಅವನನ್ನು ಒಂದು ಗಳಿಗೆ ನೋಡಿದರು. ಆ ವಯಸ್ಸಿಗೆ ಶುಗರ್! ಕಾಗದ ವಾಪಸ್ಸು ಇಸಿದುಕೊಂಡು, ಹೋಳಿಗೆ ಎಂಬುದಕ್ಕೆ ಗೆರೆ ಹೊಡೆದು, ಸಿಹಿ ಇಲ್ಲದ "ಖಾರಬ್ಯಾಳಿ" ಎಂದು ತಿದ್ದಿ, ಪಕ್ಕದಲ್ಲಿ ಸೈ ಹಾಕಿ ಕೊಟ್ಟರು. ಹುಡುಗ ಮೂರು ಕರಾರು ಮುಗಿದರೂ ಮನೆ ಬಿಟ್ಟಿಲ್ಲ.

ಇನ್ನು ವಾಡಿ ಹತ್ತಿರದ ಲೇಔಟಿನ ಕಥೆ. ಅಲ್ಲಿ ಯಾರೋ ಹೊಸದಾಗಿ ಸೈಟು ಮಾಡಿದ್ದರು; ಶಾಮಿಯಾನ ಹಾಕಿ, ನೋಡಲು ಬಂದವರಿಗೆಲ್ಲ ಊಟ ಇಟ್ಟಿದ್ದರು. ಮಾಮಾ ನನ್ನನ್ನೂ ಎಳೆದುಕೊಂಡು ಹೋದರು. ಟೈ ಕಟ್ಟಿದ ಏಜೆಂಟ್ ಒಬ್ಬ ಬಯಲಿನಲ್ಲಿ ಕೈ ಬೀಸಿ, "ಅಂಕಲ್, ಇಲ್ಲಿ ಗಾರ್ಡನ್ ಬರ್ತದ, ಅಲ್ಲಿ ಮಕ್ಕಳ ಜೋಕಾಲಿ ಬರ್ತದ, ಆ ಕಡೀಗಿ ಗುಡಿ ಬರ್ತದ" ಎಂದು ವೈಭವ ಬಣ್ಣಿಸಿದ. ಕಣ್ಣಿಗೆ ಕಂಡದ್ದು ಜಾಲಿ ಗಿಡ ಮತ್ತು ಎರಡು ಎಮ್ಮೆ.

"ರೇರಾ ನಂಬರ್ ಎಷ್ಟಪಾ?" ಎಂದರು ಮಾಮಾ.

"ನಂಬರ್ ಬರಾಕತ್ತದ್ರಿ ಅಂಕಲ್. ಅರ್ಜಿ ಹಾಕೀವಿ."

"ಅದೂ ಬರಾಕತ್ತದೇನು? ಭಾಳ ಚಲೋ. ಎಲ್ಲಾ ಕೂಡಿ ಒಂದೇ ಗಾಡಿಗಿ ಬರ್ತಾವೇನು?"

ಹಿಂದೆ ನಿಂತವರು ನಕ್ಕರು. ಮಾಮಾಗೆ ಅಷ್ಟು ಸಾಕು. ಲೇಔಟ್ ಮಾರುವವರು ರೇರಾ ಎಂಬ ಸರ್ಕಾರಿ ಪ್ರಾಧಿಕಾರದಲ್ಲಿ ಹೆಸರು ಹಚ್ಚಿಸದೆ ಒಂದು ಸೈಟನ್ನೂ ಮಾರುವಂತಿಲ್ಲ, ಕರಾರು ನೋಂದಣಿ ಮಾಡದೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಮುಂಗಡ ಇಸಿದುಕೊಳ್ಳುವಂತಿಲ್ಲ ಎಂದು ಅಲ್ಲೇ ಪಾಠ ಶುರು ಮಾಡಿದರು. ಆಮೇಲೆ ಏಜೆಂಟನ ಭುಜ ಹಿಡಿದು, "ಗಾರ್ಡನ್ ಎಲ್ಲಿ ಬರ್ತದ ಬರಾಬರ್ ಅಲ್ಲೇ ನಿಂದ್ರು. ಫೋಟೋ ಹೊಡದು ಕರಾರಿಗಿ ಹಚ್ಚಮು" ಎಂದರು. ಆ ಹುಡುಗ ಜಾಲಿ ಗಿಡದ ನಡುವೆ ಟೈ ಸರಿಮಾಡಿಕೊಂಡು ನಿಂತ, ಪುಣ್ಯಾತ್ಮ! ಎಮ್ಮೆಗಳೂ ಬಂದು ಪಕ್ಕಕ್ಕೆ ನಿಂತವು. ಅವತ್ತು ಅಲ್ಲಿ ಯಾರೂ ಮುಂಗಡ ಕೊಡಲಿಲ್ಲ. ಆದರೆ ಊಟ ಬಿಟ್ಟು ಎದ್ದವರೂ ಇಲ್ಲ. ಮಾಮಾ ಎರಡನೇ ಸಲ ಬದನೆಕಾಯಿ ಎಣ್ಣೆಗಾಯಿ ಹಾಕಿಸಿಕೊಳ್ಳುವಾಗ ನಾನು ಕಣ್ಣಲ್ಲೇ ಗದರಿಸಿದೆ. "ಊಟಕ್ಕ ರೇರಾ ಬೇಕಾಗಂಗಿಲ್ಲವಾ" ಎಂದರು.

ಇಂಥ ಮನುಷ್ಯನಿಗೆ ಈ-ಖಾತೆ ಬಂದಾಗ ಹೇಗಾಗಿರಬೇಡ! ಈಗ ಊರೊಳಗಿನ ಮನೆಗಳಿಗೆ ಈ-ಖಾತೆ ಇಲ್ಲದೆ ಮಾರಾಟವಿಲ್ಲ, ನೋಂದಣಿ ಇಲ್ಲ. ಮಾಲಕರ ಗುರುತು, ಮನೆಯ ಫೋಟೋ, ಅಳತೆ, ಚೆಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿಗೆ ಯಾರ ಏನಿದೆ ಎಂಬ ವಿವರ, ಎಲ್ಲವೂ ಕಂಪ್ಯೂಟರಿನಲ್ಲಿ ಕೂರಬೇಕು. ಮಾಮಾ ಮನೆಗೆ ಸುಣ್ಣ ಹೊಡೆಸಿ, ತಾವು ಇಸ್ತ್ರಿ ಅಂಗಿ ತೊಟ್ಟು, ಫೋಟೋಕ್ಕೆ ಬಾಗಿಲ ಮುಂದೆ ಎದೆಯುಬ್ಬಿಸಿ ನಿಂತರು. "ನೀವು ಜರಾ ಸರೀರಿ, ಮನಿ ಕಾಣವಲ್ದು" ಎಂದ ಫೋಟೋದವನು. ಓಣಿಯ ಮೊದಲ ಈ-ಖಾತೆ ಅವರದೇ. ಅದನ್ನು ಲ್ಯಾಮಿನೇಶನ್ ಮಾಡಿಸಿ ದೇವರ ಪಟದ ಸಾಲಿನಲ್ಲಿ ತೂಗುಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅತ್ತಿ ಅದಕ್ಕೂ ಊದಿನಕಡ್ಡಿ ಬೆಳಗುತ್ತಿದ್ದಳು.

ಅತ್ತಿ ಎಂದರೆ ಮಾಮಾನ ಹೆಂಡತಿ. ಕೆಲವು ವರ್ಷಗಳಿಂದ ಅವಳ ಕಣ್ಣು ಮಬ್ಬಾಗಿದೆ. ಕಣ್ಣಿನ ನರ ಒಣಗಿದೆ, ಆಪರೇಷನ್ ಮಾಡಿದರೂ ಬರುವಂಥದ್ದಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಬೆಳಕು ಕಾಣುತ್ತದೆ, ಮನುಷ್ಯರು ನೆರಳಿನ ಹಾಗೆ ಕಾಣುತ್ತಾರೆ. ಮನೆಯೊಳಗೆ ಅವಳಷ್ಟು ಚುರುಕಾಗಿ ಓಡಾಡುವವರು ಇನ್ನೊಬ್ಬರಿಲ್ಲ, ಆದರೆ ಓಣಿಗೆ ಇಳಿದರೆ ಮೋಟರ್ ಸೈಕಲ್ಲು, ಗಟಾರ, ದನ, ಒಂದೂ ತಿಳಿಯುವುದಿಲ್ಲ. ಹಾಗಾಗಿ ಅವಳು ಹೊರಗೆ ಹೋಗುವುದು ಒಂದೇ ಕಡೆ: ಬಾಜು ಮನೆಯ ಕಾಶಿಬಾಯಿಯ ಅಡಿಗೆಮನೆಗೆ. ಅದೂ ಓಣಿಯಿಂದಲ್ಲ. ಎರಡೂ ಮನೆಗೆ ಸೇರಿದ ನಡುಗೋಡೆಯಲ್ಲಿ, ನಮ್ಮ ಅಡಿಗೆಮನೆಯ ಮೂಲೆಗೆ, ಬಗ್ಗಿ ಹೋಗುವಂಥ ಒಂದು ಗಿಡ್ಡ ಬಾಗಿಲಿದೆ. ಯಾವ ಕಾಲದಲ್ಲಿ ಯಾರು ಇಟ್ಟರೋ! ಮಧ್ಯಾಹ್ನ ಊಟವಾದ ಮೇಲೆ ಅತ್ತಿ ಗೋಡೆ ಸವರಿಕೊಂಡು ಆ ಬಾಗಿಲು ದಾಟಿದಳೆಂದರೆ ಸಂಜೆಯವರೆಗೆ ಆ ಕಡೆ ನಗುವೋ ನಗು. ಅವಳಿಗೆ ಊರು, ಪೇಟೆ, ಬಳಗ ಎಲ್ಲಾ ಆ ಬಾಗಿಲಿನ ಆಚೆಗಿತ್ತು.

ಕಾಶಿಬಾಯಿಯ ಮಗ ಶರಣುಗೆ ಹೆಣ್ಣು ಗೊತ್ತಾಗಿತ್ತು. ಇರುವುದು ಒಂದೇ ಕೋಣೆ, ನಮ್ಮ ಹುಡುಗಿ ಎಲ್ಲಿ ಇರಬೇಕು ಎಂದು ಹೆಣ್ಣಿನವರು ಕೇಳಿದ್ದರು. ತಪ್ಪೇನಿದೆ? ಮೇಲೊಂದು ಕೋಣೆ ಕಟ್ಟಲು ಶರಣು ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಿದ. ಮಾಮಾನೇ ಮುಂದೆ ನಿಂತು ಅವರಿಗೆ ಈ-ಖಾತೆ ಮಾಡಿಸಿಕೊಟ್ಟರು. ಬ್ಯಾಂಕಿನ ಕಡೆಯಿಂದ ಮನೆ ನೋಡಲು ಒಬ್ಬ ಇಂಜಿನಿಯರ್ ಬಂದ. ಮಾಮಾ ಅವನ ಟೇಪಿನ ಇನ್ನೊಂದು ತುದಿ ಹಿಡಿದು ಭಾರೀ ಗತ್ತಿನಲ್ಲಿ ಓಡಾಡಿದರು. ಕಾಶಿಬಾಯಿಯ ಅಡಿಗೆಮನೆಗೆ ಬಂದಾಗ ಇಂಜಿನಿಯರ್ ನಿಂತ.

"ಇದೇನ್ರಿ ಕಾಕಾ, ಇಲ್ಲೊಂದು ಬಾಗಲ?"

"ಬಾಗಲ" ಎಂದರು ಮಾಮಾ.

"ಎಲ್ಲಿಗಿ ಹೋಗ್ತದ?"

"ನಮ್ಮ ಮನಿಗಿ."

ಇಂಜಿನಿಯರ್ ಕಾಗದ ತಿರುವಿದ. "ಚೆಕ್ಕುಬಂದಿಯೊಳಗ ಪೂರ್ವಕ್ಕ ಗೋಡಿ ಅಂತ ಬರದದ. ಬಾಗಲ ಕಾಗದದಾಗ ಇಲ್ಲಲ್ರಿ?"

ಲೋಕದ ಷರತ್ತುಗಳನ್ನೆಲ್ಲ ಬರೆದಿಟ್ಟ ನಮ್ಮ ಮಾಮಾ ಸ್ವಂತ ಅಡಿಗೆಮನೆಯ ಬಾಗಿಲನ್ನು ಬರೆಸಲು ಮರೆತಿದ್ದರು! ಅವರ ಮನೆಯ ಖಾತೆಯಲ್ಲೂ ಪಶ್ಚಿಮಕ್ಕೆ ಬರೀ ಗೋಡೆ. ಅತ್ತಿ ಊದಿನಕಡ್ಡಿ ಬೆಳಗುತ್ತಿದ್ದದ್ದೂ ಆ ಕಾಗದದ ಗೋಡೆಗೇ. ಬಾಗಿಲಾಚೆಯಿಂದ ಅತ್ತಿಯ ದನಿ ಬಂತು: "ಕಾಗದದಾಗ ಇಲ್ಲಂದ್ರ ಅದು ಇಲ್ಲೇ ಇಲ್ಲ ಅಂತ ಯಾರೋ ಹೇಳ್ತಿದ್ರಲ್ಲ, ಎಲ್ಲಿ ಹ್ವಾದರು ಅವರು?" ಕಾಶಿಬಾಯಿ ಸೆರಗು ಬಾಯಿಗೆ ತುರುಕಿಕೊಂಡಳು.

ಇಂಜಿನಿಯರ್ ನಗಲಿಲ್ಲ. ಒಳ್ಳೆಯ ಹುಡುಗ, ಸಮಾಧಾನವಾಗಿಯೇ ಹೇಳಿದ. "ಹಿಂಗಿದ್ರ ಇದು ಒಂದು ಮನಿನೋ ಎರಡು ಮನಿನೋ ಅಂತ ಬ್ಯಾಂಕಿನವರು ಕೇಳ್ತಾರ್ರಿ. ನಾಳಿ ಏನರ ಹೆಚ್ಚುಕಮ್ಮಿ ಆಗಿ ಬ್ಯಾಂಕ್ ಈ ಮನಿ ಜಪ್ತಿ ಮಾಡಿದ್ರ, ನಿಮ್ಮ ಮನಿಯವರು ಸಾರು ಇಸ್ಕೊಳ್ಳಾಕ ಬ್ಯಾಂಕಿನಾಗ ಬರ್ತಾರೇನ್ರಿ?"

"ಕಾಶಿಬಾಯಿ ಕೈಯ ಸಾರು ಬ್ಯಾಂಕಿನಾಗ ಸಿಕ್ರ ಯಾಕ ಬರಂಗಿಲ್ಲ? ಬರ್ತಾರ" ಎಂದರು ಮಾಮಾ. ಆದರೆ ದನಿಯಲ್ಲಿ ಹುರುಪಿರಲಿಲ್ಲ. ಬಾಗಿಲು ಮುಚ್ಚಿ ಗೋಡೆ ಕಟ್ಟಿದರೆ ಸಾಲ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಇಂಜಿನಿಯರ್ ಹೋದ.

ಮಾಮಾ ಸೋಲುವವರೇ? ಮುಂದಿನ ಸೋಮವಾರ ಮುಂಜಾನೆಯೇ ಸೇಡಂಗೆ ನಮ್ಮ ಮನೆಗೆ ಬಂದು ಕೂತರು. ಈಗ ಜಿಲ್ಲೆಯೊಳಗೆ ಯಾವ ನೋಂದಣಿ ಕಚೇರಿಗೆ ಹೋದರೂ ನಡೆಯುತ್ತದೆ, ಅದಕ್ಕೇ ತಂಗಿಯ ಮಗಳ ಊರಿಗೆ ಬಂದೆ ಎಂದರು. ಚೀಲದಲ್ಲಿ ಬಾಗಿಲಿನ ಕರಾರು ಇತ್ತು. ಕಚೇರಿಯ ಬಳಿ ಬಾಂಡ್ ಬರೆಯುವವರ ಮುಂದೆ ಇಟ್ಟರು. ಅವರು ಓದುತ್ತಾ ಹೋದಂತೆ ಅವರ ಹೊಟ್ಟೆ ಕುಣಿಯತೊಡಗಿತು. "ಸದರಿ ಬಾಗಿಲಿನಿಂದ ಸಾರು, ಪಲ್ಯ, ಶೇಂಗಾ ಹಿಂಡಿ, ಮೊಸರು ಮತ್ತು ಮಾತು ಹಾದುಹೋಗಲು ಉಭಯತ್ರರ ಅಭ್ಯಂತರವಿರುವುದಿಲ್ಲ. ತುಂಬಿ ಬಂದ ಬಟ್ಟಲನ್ನು ಖಾಲಿ ವಾಪಸ್ಸು ಕಳಿಸತಕ್ಕದ್ದಲ್ಲ. ಉಭಯ ಮನೆಯ ಗಂಡಸರು ಬಾಗಿಲ ಬಳಿ ನಿಂತು ಕಿವಿಗೊಡತಕ್ಕದ್ದಲ್ಲ." ಕೊನೆಯಲ್ಲಿ ಮಾತ್ರ ಅವರ ನಗು ನಿಂತಿತು. ಅಲ್ಲಿ ಹೀಗಿತ್ತು: "ಸದರಿ ಬಾಗಿಲು ನನ್ನ ಹೆಂಡತಿ ಜೀವಂತ ಇರುವವರೆಗೆ ತೆರೆದಿರತಕ್ಕದ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಾಕಾ, ಓಡಾಟದ ಹಕ್ಕು ಅಂತ ನೋಂದಣಿ ಮಾಡಾಕ ಬರ್ತದ. ಯಾಕ ಬರಂಗಿಲ್ಲ? ಆದ್ರ ನೋಂದಣಿ ಆದದ್ದು ಇಸಿಯೊಳಗ, ಅಂದ್ರ ಋಣಭಾರದ ಪತ್ರದಾಗ, ಕುಂದರ್ತದ. ಬ್ಯಾಂಕಿನವರು ಮೊದಲ ನೋಡೋದೇ ಅದನ್ನ. ಈ ಮನಿ ಮ್ಯಾಲ ಮತ್ತೊಬ್ಬರ ಹಕ್ಕು ಅದ ಅಂತ ಕಂಡ್ರ ಆ ಹುಡುಗಗ ಸಾಲ ಸಿಗೋದು ಕಠಿಣ."

ಮಾಮಾ ಕರಾರನ್ನು ಮತ್ತೆ ಚೀಲಕ್ಕೆ ಹಾಕಿದರು. ನಾನು ತರಿಸಿದ ಚಹಾ ಹಾಗೇ ಆರಿತು. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಹೇಳಿದರು: "ಬರಸಿದ್ರ ಅವರ ಮನಿ ಕೆಲಸ ನಿಂದರ್ತದ, ಬರಸಲಿಲ್ಲಂದ್ರ ನಿಮ್ಮತ್ತಿ ಓಡಾಟ ನಿಂದರ್ತದ." ಅಷ್ಟು ವರ್ಷದಲ್ಲಿ ಮಾಮಾನ ಬಾಯಲ್ಲಿ ಉಪಾಯ ಇಲ್ಲದ ಮಾತು ಕೇಳಿದ್ದು ನಾನು ಅದೇ ಮೊದಲು. ನನಗೆ ಭಾಳ ಕೆಟ್ಟೆನಿಸಿತು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ, ಶಾಲೆಗೆ ರಜೆ ಹೇಳಿ, ನಾನೂ ಅದೇ ಬಸ್ಸು ಹತ್ತಿದೆ.

ಕಾಶಿಬಾಯಿ ಸುದ್ದಿ ಕೇಳಿದ್ದೇ ಕೈ ಚಾಚಿದಳು. "ಎಲ್ಲದ ಆ ಕಾಗದ, ತರ್ರಿ, ಹೆಬ್ಬಟ್ಟು ಒತ್ತತೀನಿ. ಸಾಲ ಹೋದ್ರ ಹೋಗ್ಲಿ. ನನ್ನ ಗೆಳತೀನ ಗ್ವಾಡಿ ಆಚಿಗಿ ಹಾಕಿ ಮ್ಯಾಲ ಮಹಡಿ ಕಟ್ಟಿಸ್ಲೇನು?" ಶರಣು ಏನೂ ಅನ್ನದೆ ನೆಲ ನೋಡುತ್ತಾ ನಿಂತಿದ್ದ. ಅತ್ತಿಯ ಕಣ್ಣಿಗೆ ಅವನ ಮುಖ ಕಾಣುವುದಿಲ್ಲ, ಆದರೆ ಅವನು ಸುಮ್ಮನಿದ್ದದ್ದು ಕೇಳಿಸಿರಬೇಕು.

"ಏ ಹುಚ್ಚಿ" ಎಂದಳು ಕಾಶಿಬಾಯಿಗೆ. "ಸೊಸಿ ಬರ್ಲಿ, ಮೊಮ್ಮಕ್ಕಳಾಗ್ಲಿ. ಬಾಗಲ ಹಿಡಕೊಂಡು ಕುಂದ್ರಾಕ ನಾ ಏನು ಕಾವಲಗಾರಳೇನು? ಏನ್ರೀ, ನಾಳಿಗೇ ಗೌಂಡಿನ ಕರಸ್ರಿ. ಮುಚ್ಚಿಬಿಡ್ರಿ."

ಮಾಮಾ ಕರಾರನ್ನು ನಾಲ್ಕು ಮಡಿಕೆ ಮಾಡಿ ಒಲೆಗೆ ಹಾಕಿದರು. ಕಾಗದವನ್ನು ಮಾಮಾ ಸುಟ್ಟರು ಎಂದರೆ ನಮ್ಮ ಬಳಗದಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ, ನಾನು ಸಾಕ್ಷಿ ಹೇಳಿದರೂ! ಮರುದಿನ ಕಾರ್ಖಾನೆಯಿಂದ ತಾವೇ ಆರಿಸಿ ಒಳ್ಳೆಯ ಕಲ್ಲು ತಂದರು. ಗೌಂಡಿ ಕೆಲಸ ಮುಗಿಸಿ ಹೋದ ಮೇಲೆ ಅತ್ತಿ ಬಂದು ಹಸಿ ಗೋಡೆಯನ್ನು ಮೇಲಿನಿಂದ ಕೆಳಗೆ ಸವರಿ, "ಚಲೋ ಕಟ್ಟ್ಯಾನ" ಎಂದು ಒಳಗೆ ಹೋದಳು. ನಾನು ಮರುದಿನದ ಮೊದಲ ಬಸ್ಸಿಗೆ ಸೇಡಂಗೆ ಬಂದುಬಿಟ್ಟೆ. ಆ ಮಧ್ಯಾಹ್ನ ಅಲ್ಲಿರಲು ನನಗೆ ಧೈರ್ಯವಿರಲಿಲ್ಲ.

ದಸರಾ ರಜೆಗೆ ಮತ್ತೆ ಹೋದೆ. ಊಟದ ಹೊತ್ತು ಮುಗಿದಿತ್ತು. ಓಣಿಯ ತಿರುವಿನಲ್ಲಿ ಆಟೋ ಇಳಿದು ನೋಡಿದರೆ ಮಾಮಾ ಮನೆಯ ಕಟ್ಟೆ ಇಳಿಯುತ್ತಿದ್ದರು, ಅತ್ತಿಯ ಕೈ ಹಿಡಿದುಕೊಂಡು. ನಮ್ಮ ಕಡೆ ಗಂಡ ಮುಂದೆ ಮುಂದೆ ಹೋಗುತ್ತಾನೆ, ಹೆಂಡತಿ ಹಿಂದೆ ಬರುತ್ತಾಳೆ. ಮಾಮಾನ ವಯಸ್ಸಿನವರು ಹಾಡಹಗಲು ಓಣಿಯಲ್ಲಿ ಹೆಂಡತಿಯ ಕೈ ಹಿಡಿಯುವುದು ಕನಸಿನ ಮಾತು. ಎದುರು ಕಟ್ಟೆಯ ಹುಡುಗರು ಮುಸಿಮುಸಿ ನಗುತ್ತಿದ್ದರು. ಮಾಮಾ ಅವರ ಕಡೆ ನೋಡಲೇ ಇಲ್ಲ. ಮೋಟರ್ ಸೈಕಲ್ಲಿನವನೊಬ್ಬನಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದರು. "ಗಟಾರ ಅದ, ಕಾಲ ಎತ್ತು. ಹಾಂ. ಸಾಕು. ಈಗ ಇಡು." ಕಾರ್ಖಾನೆಯಲ್ಲಿ ಎಷ್ಟೇ ಕೆಲಸವಿದ್ದರೂ ದಿನಾ ಮಧ್ಯಾಹ್ನ ಮನೆಗೆ ಬಂದು ಅತ್ತಿಯನ್ನು ಬಾಜು ಮನೆಗೆ ಮುಟ್ಟಿಸಿ, ಅವರಿಬ್ಬರ ಮಾತು ಮುಗಿಯುವವರೆಗೆ ಹೊರಗೆ ಕಾಶಿಬಾಯಿಯ ಕಟ್ಟೆಯ ಮೇಲೆ ಕೂತು, ಮತ್ತೆ ಕೈ ಹಿಡಿದು ಕರೆತರುತ್ತಾರೆ ಎಂದು ಶರಣುವಿನ ಹೊಸ ಹೆಂಡತಿ ಆಮೇಲೆ ನನಗೆ ಹೇಳಿದಳು. ಒಳಗೆ ಬರ್ರಿ ಅಂದರೂ ಬರುವುದಿಲ್ಲವಂತೆ.

ನಾನು ಚೀಲ ಅಲ್ಲೇ ಇಟ್ಟು ಓಡಿದೆ. "ಮಾಮಾ, ನೀವು ಕಾರ್ಖಾನಿಗಿ ಹೋಗ್ರಿ. ಇವತ್ತ ನಾ ಕರ್ಕೊಂಡು ಹೋಗ್ತೀನಿ" ಎಂದೆ.

"ಬ್ಯಾಡವಾ" ಎಂದರು ಮಾಮಾ, ಕೈ ಬಿಡದೆ. "ನಿನಗ ಆಕಿ ಹೆಜ್ಜಿ ಗೊತ್ತಿಲ್ಲ."

ನಾನು ಅವರ ಹಿಂದೆ ನಡೆದೆ. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ ಅತ್ತಿ ನಕ್ಕಳು. "ಬಾಗಲ ಮುಚ್ಚಿದ್ದು ಭಾಳ ಚಲೋ ಆತು ನೋಡವಾ. ಲಗ್ನದಾಗ ಅಯ್ಯನವರು ಹಿಡಿ ಅಂದಾಗ ಹಿಡದಿದ್ದರು ಈ ಕೈ. ಆಮ್ಯಾಲ ಈಗೇ."

"ಮಾತ್ ಸಾಕು" ಎಂದರು ಮಾಮಾ. "ಮೆಟ್ಲ ಬಂತು."